ಡಬ್ಬಿ ನಮ್ಮದು, ಹೊಟ್ಟೆ ಸರ್ವರಿನದು

"ನನ್ನ ಮಷೀನಲ್ಲಿ ಓಡ್ತಾ ಇದೆ ಸಾರ್." ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಬಾಯಿಂದ ಬಾಯಿಗೆ ಬಂದ ಜಾನಪದ ಇದು. ಇದರ ಬಾಯಿ ಮುಚ್ಚಿಸಲೆಂದೇ 2013ರಲ್ಲಿ ಡಾಕರ್ ಬಂತು. ಪ್ರೋಗ್ರಾಮು, ಲೈಬ್ರರಿ, ಸೆಟ್ಟಿಂಗು ಎಲ್ಲವನ್ನೂ ಒಂದೇ ಡಬ್ಬಿಗೆ ತುಂಬಿ ಮುಚ್ಚಳ ಬಿಗಿಯಿರಿ, ಯಾವ ಸರ್ವರಿನಲ್ಲಿ ಬಿಚ್ಚಿದರೂ ಅದೇ ರುಚಿ ಎಂದರು. ಅಜ್ಜಿಯ ಬುತ್ತಿಗೂ ಇಷ್ಟು ಗ್ಯಾರಂಟಿ ಇರಲಿಲ್ಲ. ನಂಬಿದೆವು.

2020ರ ನವೆಂಬರಿನಲ್ಲಿ ಆಪಲ್ ತನ್ನ ಲ್ಯಾಪ್‌ಟಾಪಿಗೆ ಇಂಟೆಲ್ ಬದಲು ಆರ್ಮ್ ವಂಶದ ಎಂ1 ಚಿಪ್ಪು ಕೂರಿಸಿತು. ನಮ್ಮ ಕಚೇರಿಯಲ್ಲಿ ಅದು ಮೊದಲು ಸಿಕ್ಕಿದ್ದು ಕೋಡ್ ಬರೆಯದ ಮ್ಯಾನೇಜರಿಗೆ, ಆಮೇಲೆ ನಮ್ಮ ಟೀಮಿನ ಹುಡುಗನಿಗೆ. ಒಂದು ಶುಕ್ರವಾರ ಸಂಜೆ ಅವನು ಅದರಲ್ಲೇ ಡಬ್ಬಿ ಕಟ್ಟಿ, ಅಂದರೆ ಇಮೇಜ್ ಬಿಲ್ಡ್ ಮಾಡಿ, 'ಲೇಟೆಸ್ಟ್' ಎಂಬ ಚೀಟಿ ಅಂಟಿಸಿ, ಪುಶ್ ಮಾಡಿ, ಹಾಸನದ ಬಸ್ಸು ಹತ್ತಿದ. ರಾತ್ರಿ ಇಂಟೆಲ್ ಸರ್ವರ್ ಡಬ್ಬಿ ಬಿಚ್ಚಿ ಒಂದೇ ಸಾಲು ಕಕ್ಕಿತು: 'ಎಕ್ಸೆಕ್ ಫಾರ್ಮ್ಯಾಟ್ ಎರರ್'. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಫೋನ್ ಮಾಡಿದೆ. "ನನ್ನ ಮಷೀನಲ್ಲಿ ಓಡ್ತಾ ಇದೆ ಸಾರ್" ಎಂದ.

ಸುಳ್ಳಲ್ಲ. ಡಬ್ಬಿಗೆ ಎಲ್ಲವನ್ನೂ ತುಂಬಿದವರು ಎರಡನ್ನು ಹೊರಗೇ ಬಿಟ್ಟಿದ್ದರು: ಕರ್ನಲ್ ಮತ್ತು ಪ್ರೊಸೆಸರ್. ಒಳಗಿನ ಬೈನರಿ ಯಾವ ಚಿಪ್ಪಿನ ಭಾಷೆಯಲ್ಲಿದೆಯೋ ಆ ಚಿಪ್ಪಿಗೆ ಮಾತ್ರ ಜೀರ್ಣ.

ಆ ಭಾಷೆಗಳ ಹೆಸರೋ, ದೇವರಿಗೇ ಪ್ರೀತಿ. ಎಎಂಡಿ64, ಎಕ್ಸ್86-64 ಎರಡೂ ಒಬ್ಬನೇ ಆಸಾಮಿ. ಆ 64 ಬಿಟ್ ವಿಸ್ತರಣೆ ಎಎಂಡಿಯ ಕೂಸು. ಇಂಟೆಲ್ ಆಮೇಲೆ ಸಾಕಿಕೊಂಡಿತು. ಹಾಗಾಗಿ ಅಪ್ಪಟ ಇಂಟೆಲ್ ಸರ್ವರಿಗೆ ಹೋಗುವ ಡಬ್ಬಿಯ ಮೇಲೂ ಎದುರಾಳಿಯ ಹೆಸರು. ಆರ್ಮ್64ಗೆ ಎಆರ್ಚ್64 ಎಂಬ ಇನ್ನೊಂದು ಹೆಸರು. ಮನೆಯಲ್ಲಿ ಪುಟ್ಟ, ಮಾರ್ಕ್ಸ್ ಕಾರ್ಡಿನಲ್ಲಿ ಪುಟ್ಟಸ್ವಾಮಿ. ನಮ್ಮ ಸ್ಕ್ರಿಪ್ಟು ಮಾತ್ರ ಇಬ್ಬರನ್ನೂ ಹುಡುಕಿಕೊಂಡು ಅಲೆಯುತ್ತದೆ.

ಡಾಕರಿನದೇ ಬಿಲ್ಡ್‌ಎಕ್ಸ್ ಇದೆಯಲ್ಲ ಎಂದರು ತಿಳಿದವರು. ಎರಡು ಪ್ಲಾಟ್‌ಫಾರ್ಮಿನ ಹೆಸರು ಕೊಟ್ಟರೆ ಎರಡು ಇಮೇಜ್, ಮೇಲೊಂದು ಮ್ಯಾನಿಫೆಸ್ಟ್ ಪಟ್ಟಿ. ಕೇಳಿದವರಿಗೆ ತಕ್ಕ ಡಬ್ಬಿ ತಾನೇ ಹೋಗುತ್ತದೆ. ಸರಿ. ಆದರೆ ಇಂಟೆಲ್ ಯಂತ್ರದಲ್ಲಿ ಆರ್ಮ್ ಡಬ್ಬಿ ಕಟ್ಟುವಾಗ ನಡುವೆ ಕ್ಯೂಎಮು ಎಂಬ ದುಭಾಷಿ ಬಂದು ಕೂರುತ್ತಾನೆ. ಅದರ ಮೇಲೆ ಪೈಥಾನಿನ ಯಾವುದೋ ಲೈಬ್ರರಿಗೆ ಆರ್ಮ್ ವೀಲ್, ಅಂದರೆ ಮೊದಲೇ ಕಂಪೈಲ್ ಆದ ಪೊಟ್ಟಣ, ಇರಲಿಲ್ಲ. ಅದರ ಸಿ ಕೋಡನ್ನು ಮೊದಲಿಂದ ಕಂಪೈಲ್ ಮಾಡಬೇಕಾಯಿತು, ಅದೂ ದುಭಾಷಿಯ ಬಾಯಲ್ಲಿ. ನಾಲ್ಕು ನಿಮಿಷದ ಬಿಲ್ಡ್ ಮುಕ್ಕಾಲು ಗಂಟೆಯಾಯಿತು. ಬಾಡಿಗೆ ಅಗ್ಗವೆಂದು ಆರ್ಮ್ ಸರ್ವರನ್ನೂ ಹಿಡಿದು ಉಳಿಸಿದ ದುಡ್ಡನ್ನು ಬಿಲ್ಡ್ ಯಂತ್ರ ನುಂಗಿತು.

ದಾರಿ ಗುಟ್ಟಿನದೇನಲ್ಲ. ಸಿ ಲೈಬ್ರರಿಯ ಹಂಗಿಲ್ಲದ ಗೋ ಪ್ರೋಗ್ರಾಮು ಒಂದೇ ಯಂತ್ರದಲ್ಲಿ ಎರಡಕ್ಕೂ ಕಂಪೈಲ್ ಆಗುತ್ತದೆ, ದುಭಾಷಿ ಬೇಕಿಲ್ಲ. ಉಳಿದದ್ದಕ್ಕೆ ಆರ್ಮಿಗೆ ಆರ್ಮ್ ಯಂತ್ರ, ಇಂಟೆಲಿಗೆ ಇಂಟೆಲ್ ಯಂತ್ರ ಇಟ್ಟು, ಕೊನೆಗೆ ಮ್ಯಾನಿಫೆಸ್ಟಿನಲ್ಲಿ ಸೇರಿಸಿದರಾಯಿತು. ಇನ್ನೊಂದು ಯಂತ್ರಕ್ಕೆ ಬಜೆಟ್ ಇಲ್ಲ ಎಂದ ನಮ್ಮ ಕಚೇರಿ, ಶುಕ್ರವಾರ ಯಾರೂ ಪುಶ್ ಮಾಡಕೂಡದು ಎಂದು ಸುತ್ತೋಲೆ ಹೊರಡಿಸಿ ಕೈ ತೊಳೆದುಕೊಂಡಿತು. ಹುಡುಗ ಈಗ ಗುರುವಾರ ಪುಶ್ ಮಾಡುತ್ತಾನೆ.

ನೀವಾದರೂ ಡಬ್ಬಿ ಕಟ್ಟುವ ಮೊದಲು ಹೊಟ್ಟೆ ಯಾರದು ಎಂದು ಕೇಳಿಕೊಳ್ಳಿ.