ಹಾಳಾಗದ್ದಕ್ಕೆ ಮಾತ್ರ ಗ್ಯಾರಂಟಿ

ನ್ಯೂಜೆರ್ಸಿಯಲ್ಲಿ ಮನೆ ಕೊಂಡ ಕನ್ನಡಿಗ ಹಿತ್ತಲಲ್ಲಿ ಕರಿಬೇವು ಬೆಳೆಸುತ್ತಾನೆ ಅಂದುಕೊಂಡಿದ್ದರೆ ಮರೆತುಬಿಡಿ. ಅವನಿಗೆ ಬೇಕಾದ್ದು ಈಜುಕೊಳ.

ಕೊಳ ಅಂದರೆ ಕಲ್ಲು ಕಟ್ಟಿದ್ದಲ್ಲ. ಗುಂಡಿ ತೋಡಿ, ಸುತ್ತ ಉಕ್ಕಿನ ತಗಡು ನಿಲ್ಲಿಸಿ, ಒಳಗೆ ವಿನೈಲ್ ಹಾಳೆ ಹಾಸಿದ್ದು. ಹಾಳೆಯ ಹೆಸರು ಲೈನರ್. ಮುಕ್ಕಾಲು ಮಿಲಿಮೀಟರ್ ಇದ್ದರೆ ಅದೇ ಭಾರಿ ದಪ್ಪದ ಮಾಲು. ಮೇಲೆ ಮೊಸಾಯಿಕ್ ಕಲ್ಲಿನ ಚಿತ್ರ. ತಾನು ಪ್ಲಾಸ್ಟಿಕ್ ಎನ್ನಲು ಪ್ಲಾಸ್ಟಿಕ್ಕಿಗೂ ನಾಚಿಕೆ.

ಹತ್ತು ವರ್ಷ ಬಾಳಿದರೆ ಪುಣ್ಯ. ಬಿಸಿಲೂ ಕ್ಲೋರಿನ್ನೂ ಸೇರಿ ಅದರ ಮೆದುತನ ಹೀರುತ್ತವೆ. ಬಣ್ಣ ಮಾಸುತ್ತದೆ. ಮೂಲೆಗಳು ಬಿಗಿದುಕೊಳ್ಳುತ್ತವೆ. ಒಂದು ದಿನ ಹರಿಯುತ್ತದೆ.

ಆಗ ಯಜಮಾನರು ಗ್ಯಾರಂಟಿ ಕಾಗದ ಹುಡುಕುತ್ತಾರೆ. 25 ವರ್ಷ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಕೆಳಗಿನ ಸಣ್ಣಕ್ಷರ ಓದಿ. ಗ್ಯಾರಂಟಿ ಇರುವುದು ಹಾಳೆಯ ಬೆಸುಗೆಗೆ. ಮಾಸಿದರೆ ಇಲ್ಲ. ಸುಕ್ಕಾದರೆ ಇಲ್ಲ. ಏನೋ ಚುಚ್ಚಿ ಹರಿದರೆ ಇಲ್ಲ. ಕೂಲಿ ಇಲ್ಲ, ಮತ್ತೆ ತುಂಬುವ ನೀರಿನ ಖರ್ಚೂ ಇಲ್ಲ. ಆ ಬೆಸುಗೆಗೂ ಪೂರ್ತಿ ಹೊಣೆ ಮೊದಲ ಎರಡು ಮೂರು ವರ್ಷ; ಆಮೇಲೆ ವರ್ಷವರ್ಷವೂ ಕರಗುತ್ತದೆ. ಹಾಳಾಗುವುದಕ್ಕೆಲ್ಲ ನೀವು ಹೊಣೆ, ಹಾಳಾಗದ್ದಕ್ಕೆ ಕಂಪನಿ ಹೊಣೆ. ನಮ್ಮೂರಿನ ರಸ್ತೆ ಗುತ್ತಿಗೆದಾರರು ಇದನ್ನು ಇನ್ನೂ ಕಲಿತಿಲ್ಲ. ಕಲಿಯುವ ಅಗತ್ಯವೂ ಬಿದ್ದಿಲ್ಲ.

ಸರಿ, ನಾಲ್ಕೈದು ಸಾವಿರ ಡಾಲರ್ ಎಣಿಸಿ ಹೊಸ ಹಾಳೆ ತರಿಸುತ್ತಾರೆ. ಹಳೆಯದು?

2022ರ ಮೇ 4ರಿಂದ ನ್ಯೂಜೆರ್ಸಿಯ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಕೈಚೀಲ ಬಂದ್. ದೊಡ್ಡ ದಿನಸಿ ಅಂಗಡಿಗಳಲ್ಲಿ ಕಾಗದದ್ದೂ ಇಲ್ಲ. ಒಳ್ಳೆಯ ಕಾನೂನು. ನಮ್ಮವರು ಬಟ್ಟೆ ಚೀಲ ಹಿಡಿದು ಹೊರಡುತ್ತಾರೆ, ಮರೆತು ಬಂದವನನ್ನು ಮೇಲಿಂದ ಕೆಳಗೆ ನೋಡುತ್ತಾರೆ. ಅದೇ ವಾರ ಅವರ ಹಿತ್ತಲಿನಿಂದ ಐವತ್ತು ಕಿಲೋ ಮೀರಿದ ಪಿವಿಸಿ ಪಟ್ಟಿಪಟ್ಟಿಯಾಗಿ ಕತ್ತರಿಸಿಕೊಂಡು ಹೊರಬೀಳುತ್ತದೆ. ಮರುಬಳಕೆಗೆ ಒಯ್ಯುವವರು ಅಪರೂಪ. ಹೋಗುವುದು ಕಸದ ಗುಡ್ಡಕ್ಕೆ.

ಇನ್ನು ನೀರು. 32 ಅಡಿ ಉದ್ದ, 16 ಅಡಿ ಅಗಲ, ಸರಾಸರಿ ಐದಡಿ ಆಳ ಎಂದರೆ 70 ಸಾವಿರ ಲೀಟರ್ ದಾಟುತ್ತದೆ. ಹಳೆಯದನ್ನು ಚೆಲ್ಲಬೇಕು, ಹೊಸದನ್ನು ತುಂಬಬೇಕು. ಈಜುವುದು ಮೇ ಕೊನೆಯಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ. ಉಳಿದಂತೆ ಕೊಳಕ್ಕೆ ಮುಚ್ಚಳ. ಆ ಮೂರು ತಿಂಗಳೂ ಮಕ್ಕಳು ಬೇಸಿಗೆ ಶಿಬಿರದಲ್ಲಿ. ಅಪ್ಪನಿಗೆ ಈಜು ಬರುವುದಿಲ್ಲ. ನೀರಿಗೆ ಪಟ್ಟಿ ಅದ್ದಿ ಆಮ್ಲ, ಕ್ಲೋರಿನ್ ನೋಡುವುದು ಅವರ ವ್ಯಾಯಾಮ.

2024ರ ಮಾರ್ಚ್ ನೆನಪಿದೆಯೇ? ಬೆಂಗಳೂರಿನ ಕೊಳವೆ ಬಾವಿಗಳು ಬತ್ತಿದ್ದವು. ಈಜುಕೊಳಕ್ಕೆ ಕುಡಿಯುವ ನೀರು ಬಿಟ್ಟರೆ 5,000 ರೂಪಾಯಿ ದಂಡ ಎಂದಿತು ಜಲಮಂಡಳಿ. 12 ಸಾವಿರ ಲೀಟರಿನ ಟ್ಯಾಂಕರ್‌ಗೆ, ಐದು ಕಿಲೋಮೀಟರ್ ಒಳಗೆ, 1,000 ರೂಪಾಯಿ ಎಂದು ಜಿಲ್ಲಾಡಳಿತ ದರ ಕಟ್ಟಿತು. ಆಗ ಅಮೆರಿಕದಿಂದ ವಾಟ್ಸಾಪ್‌ನಲ್ಲಿ ಉಪದೇಶ ಸುರಿಯಿತು. ಶವರ್ ಬಿಡಿ, ಬಕೆಟ್ ಹಿಡಿಯಿರಿ. ನಲ್ಲಿ ಬಿಗಿಯಾಗಿ ನಿಲ್ಲಿಸಿ. ಕೆರೆ ನುಂಗಿದವರಿಗೆ ವೋಟು ಹಾಕಬೇಡಿ. ಮೂರೂ ಸರಿಯಾದ ಮಾತೇ. ಹೇಳಿದವರ ಹಿತ್ತಲಲ್ಲಿ ಆರು ಟ್ಯಾಂಕರ್ ನೀರು ನಿಂತಿತ್ತು, ಅಷ್ಟೆ.

ಕೇಳಿದರೆ, ‘ಇಲ್ಲಿ ನೀರಿಗೆ ಬರವಿಲ್ಲವಲ್ಲ’ ಎನ್ನುತ್ತಾರೆ. ಅದೇ ವರ್ಷ ನವೆಂಬರ್ 13ರಂದು ಇಡೀ ನ್ಯೂಜೆರ್ಸಿಗೆ ಬರದ ಎಚ್ಚರಿಕೆ ಹೊರಟಿತು. ಮಳೆಯಿಲ್ಲದೆ ಒಣಗಿದ ಕಾಡುಗಳು ಹೊತ್ತಿ ಉರಿಯುತ್ತಿದ್ದವು. ಆಗ ಮಾತ್ರ ಬಕೆಟ್ಟಿನ ಮಹಿಮೆ ಸಾರುವ ಸಂದೇಶ ಒಂದೂ ಬರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಅಮೆರಿಕದ ಚಿಕ್ಕಪ್ಪ ಫೋನ್ ಮಾಡಿ ‘ನಲ್ಲಿ ಸರಿಯಾಗಿ ನಿಲ್ಲಿಸಿದಿರೇನಪ್ಪ?’ ಎಂದರೆ, ನಿಲ್ಲಿಸಿದೆವು ಎನ್ನಿ. ಹಾಗೆಯೇ, ಲೈನರ್ ಬದಲಾಯಿಸಿ ಎಷ್ಟು ವರ್ಷವಾಯಿತು ಚಿಕ್ಕಪ್ಪ, ಎಂದೂ ಕೇಳಿ.