ಪುತೂರು, ಸುಳ, ಕಡಬ

ಭಾವ ಫೋನು ಮಾಡಿದ್ದು ಸರಿಯಾಗಿ ಊಟದ ಹೊತ್ತಿಗೆ.

"ಭಾವ, ಪುತ್ತೂರಿನ ಒಂದು ತ ಎಲ್ಲಿಗೆ ಹೋಯ್ತು?"

ಮಜ್ಜಿಗೆ ಕಲಸುತ್ತಿದ್ದ ನನ್ನ ಕೈ ನಿಂತಿತು.

"ನಿನ್ನ ಆಪಿನಲ್ಲಿ ಪುತೂರು ಅಂತ ಉಂಟು. ಸುಳ್ಯದ್ದೂ ಬಾಲ ಇಲ್ಲ, ಸುಳ ಅಂತ ಉಂಟು. ನೀವು ಪೇಟೆಯವರು, ಒಂದು ತ ಹೋದರೂ ಸುಧಾರಿಸಿಕೊಳ್ತೀರಿ. ನಮಗೆ ಇದ್ದದ್ದೇ ಎರಡಕ್ಷರ."

ಅಷ್ಟರಲ್ಲಿ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಅತ್ತೆಯ ಸಂದೇಶವೂ ಬಿತ್ತು. "ಕಡಬ ಚಂದ ಕಾಣ್ತದೆ ಮಾಣಿ. ಏನೂ ಮುಟ್ಟಬೇಡ."

ಕಾಣದೆ ಏನು? ಮೂರು ತಾಲೂಕುಗಳಲ್ಲಿ ಒತ್ತಕ್ಷರದ ಹಂಗಿಲ್ಲದ ಹೆಸರು ಅದೊಂದೇ.

ಅಡಿಕೆ ತೋಟದವರು ಮದ್ದು ಬಿಟ್ಟ ತಾರೀಕು, ಕೊಯ್ಲಿನ ಲೆಕ್ಕ, ಚಾಲಿ ಎಷ್ಟು, ಪಟೋರ ಎಷ್ಟು ಎಂದೆಲ್ಲ ಬರೆದಿಡಲಿಕ್ಕೆ ನಾನೊಂದು ವೆಬ್ ಆಪ್ ಮಾಡಿದ್ದೇನೆ. ಸಂಬಳದ ಕೆಲಸವಲ್ಲ, ರಾತ್ರಿಯ ಚಟ. ಅದರ ಬಟನ್ನುಗಳನ್ನೆಲ್ಲ ನಾನೇ ಕೈಯಾರೆ ಕೆತ್ತಿದ್ದೆ. 'ಉಳಿಸು' ಎಂಬ ಬಟನ್ ಒಂದು ಪುಟದಲ್ಲಿ ಹಸುರು, ಇನ್ನೊಂದರಲ್ಲಿ ನೀಲಿ. ಮೂರನೆಯ ಪುಟದ್ದು ಹಸುರೋ ನೀಲಿಯೋ ಎಂದು ನನಗೂ ಹೆಂಡತಿಗೂ ಇವತ್ತಿನವರೆಗೆ ರಾಜಿಯಾಗಿಲ್ಲ. ಅದಕ್ಕೇ ಈ ಮಳೆಗಾಲದಲ್ಲಿ ಒಂದು ಸಿದ್ಧ ಡಿಸೈನ್ ಸಿಸ್ಟಮ್ ತಂದು ಕೂರಿಸುವ ಬುದ್ಧಿ ಬಂತು. ಬಟನ್ನು, ಪಟ್ಟಿ, ಪೆಟ್ಟಿಗೆ, ಬಣ್ಣ, ಅಂತರ, ಎಲ್ಲ ಒಂದೇ ಕೈಯಲ್ಲಿ ಆದ ಕಾಂಪೊನೆಂಟುಗಳು, ತಂದು ಜೋಡಿಸಿದರಾಯಿತು. 2011ರಲ್ಲಿ ಟ್ವಿಟರಿನವರು ಬೂಟ್‌ಸ್ಟ್ರ್ಯಾಪ್ ಹೊರಬಿಟ್ಟರು, 2014ರಲ್ಲಿ ಗೂಗಲ್ಲಿನವರು ಮಟೀರಿಯಲ್ ಡಿಸೈನ್ ತಂದರು. ಅಲ್ಲಿಂದೀಚೆಗೆ ಊರಿಗೊಂದು ಉಂಟು. ಸರಕಾರವೂ ಈ ದಾರಿ ಹಿಡಿದಾಗಿದೆ. ದಕ್ಷಿಣ ಕನ್ನಡ ಜಿಲ್ಲೆಯ ಜಾಲತಾಣವನ್ನೂ ಉಡುಪಿಯದನ್ನೂ ಅಕ್ಕಪಕ್ಕ ತೆರೆದಿಟ್ಟು ನೋಡಿ, ಅವಳಿ ಮಕ್ಕಳ ಹಾಗಿವೆ. ಎರಡೂ ಎನ್‌ಐಸಿಯ ಎಸ್3ವಾಸ್ ಎಂಬ ಒಂದೇ ಎರಕದವು.

ತಂದು ಜೋಡಿಸಿದರಾಯಿತು ಎಂದೆನಲ್ಲ, ನಮ್ಮ ಹಳೇ ಮುರಕಲ್ಲಿನ ಮನೆಗೆ ಪೇಟೆಯಿಂದ ರೆಡಿಮೇಡ್ ಬಾಗಿಲು ತಂದಾಗಲೂ ಇದೇ ಮಾತು ಹೇಳಿದ್ದೆ. ಆಚಾರಿಯವರು ಬಂದರು. ಬಾಗಿಲನ್ನು ನೋಡಿದರು, ದಾರಂದವನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿ ಎಲೆಗೆ ಸುಣ್ಣ ಹಚ್ಚಿದರು. "ಬಾಗಿಲು ಸರಿ ಉಂಟು. ದಾರಂದವೂ ಸರಿ ಉಂಟು. ಒಂದಕ್ಕೊಂದು ಮಾತ್ರ ಸರಿ ಇಲ್ಲ." ಎರಡು ದಿನ ಉಜ್ಜುಕೊರಡು ಆಡಿತು. ಬಾಗಿಲಿನ ಕ್ರಯಕ್ಕಿಂತ ಹೆಚ್ಚು ಅದರ ಹೆರೆಗೆ ಕೊಟ್ಟೆ.

ಆಪಿನಲ್ಲೂ ಮೊದಲ ದಿನವೇ ದಾರಂದ ಕೈಕೊಟ್ಟಿತು. ಬ್ರೌಸರಿನ ಮೂಲ ಅಕ್ಷರದ ಅಳತೆ 16 ಪಿಕ್ಸೆಲ್. ಲೆಕ್ಕ ಸುಲಭವಾಗಲಿ ಎಂದು ನಾನು ಯಾವುದೋ ಕಾಲದಲ್ಲಿ 62.5 ಪ್ರತಿಶತ ಎಂದು ಬರೆದು ಅದನ್ನು 10ಕ್ಕೆ ಇಳಿಸಿದ್ದೆ. ಬಂದ ಬಟನ್ನುಗಳೋ ರೆಮ್ ಎಂಬ ಕೋಲಿನಲ್ಲಿ ಅಳೆದವು, ಆ ಕೋಲು ಮನೆಯ ಮೂಲ ಅಳತೆಯನ್ನೇ ನಂಬಿಕೊಂಡದ್ದು. 40 ಪಿಕ್ಸೆಲ್ ಎತ್ತರ ನಿಲ್ಲಬೇಕಾದ ಬಟನ್ 25ಕ್ಕೆ ಕುಗ್ಗಿ, ಒಗೆದು ಗಿಡ್ಡವಾದ ಖಾದಿ ಜುಬ್ಬದ ಹಾಗೆ ಕಂಡಿತು. ಮೂಲವನ್ನು 16ಕ್ಕೆ ಏರಿಸಿದೆ. ಬಂದವರು ಸರಿಯಾದರು, ಮನೆಯವರೆಲ್ಲ ಊದಿಕೊಂಡರು.

ಸಂಜೆ ಭಾವ ಸ್ವತಃ ಬಂದ. ಸುಳ್ಯದಿಂದ ಒಂದು ಬಾಲವನ್ನು ಹುಡುಕಿಕೊಂಡು ಬರುವುದು ಅವನಿಗೆ ಕಾಫಿಗೆ ಸಾಕಷ್ಟು ದೊಡ್ಡ ಕಾರಣ. ಆ ಹೊತ್ತಿಗೆ ನಾನು ಬಣ್ಣದ ಜಗಳದಲ್ಲಿದ್ದೆ: ನನ್ನ ಹಳೇ ಸಿಎಸ್‌ಎಸ್ ಹೊಸ ಬಟನ್ನಿನ ಮೇಲೆ ಹತ್ತಿ ಕೂತಿತ್ತು.

"ಯಾವುದನ್ನು ಮೊದಲು ಹೊಯ್ದೆ?" ಎಂದ.

"ಎಂತದ್ದು?"

"ಬೋರ್ಡೋಕ್ಕೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಲೆಕ್ಕ ಯಾರಿಗೂ ಗೊತ್ತುಂಟು. ಆದ್ರೆ ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ತಿರುಗಿಸಿ ಹೊಯ್ದರೆ ಮದ್ದು ಒಡೀತದೆ. ಸಾಮಾನು ಅದೇ, ಹೊಯ್ಯುವ ಕ್ರಮ ಬೇರೆ."

ಮೈಸೂರು ಸಂಸ್ಥಾನದ ಕೋಲ್ಮನ್ ಸಾಹೇಬರು 1910ರ ಸುಮಾರಿಗೆ ಕೊಳೆರೋಗಕ್ಕೆ ಹೇಳಿಕೊಟ್ಟ ಮದ್ದು ಇದು. ಅದರಿಂದ ನನ್ನ ಬಟನ್ನಿಗೂ ಗುಣವಾದೀತೆಂದು ಯಾರು ಎಣಿಸಿದ್ದರು! ಸಿಎಸ್‌ಎಸ್‌ನಲ್ಲಿ ತೂಕ ಸಮನಾದ ಎರಡು ನಿಯಮಗಳಿದ್ದರೆ ಕೊನೆಗೆ ಬಂದದ್ದರ ಮಾತೇ ನಡೆಯುವುದು. ನಾನು ಹೊಸದನ್ನು ಮೊದಲು ಹೊಯ್ದು ಅದರ ಮೇಲೆ ಹಳೆಯದನ್ನು ಸುರಿದಿದ್ದೆ. ಕ್ರಮ ತಿರುಗಿಸಿದೆ, ಮುಕ್ಕಾಲು ಜಗಳ ಅಲ್ಲಿಗೇ ಮುಗಿಯಿತು. ಉಳಿದ ಕಾಲು ಭಾಗಕ್ಕೆ 'ಇಂಪಾರ್ಟೆಂಟ್' ಎಂಬ ಒಂದು ಶಬ್ದ ಉಂಟು. ಅದನ್ನು ಬರೆದರೆ ಆ ಸಾಲಿನ ಮಾತೇ ಮೇಲಾಗುತ್ತದೆ. ನಾನು ನಲವತ್ತೊಂದು ಕಡೆ ಬರೆದಿದ್ದೆ. ಮದುವೆಮನೆಯಲ್ಲಿ ನಲವತ್ತೊಂದು ಮಂದಿ ಯಜಮಾನರಾದರೆ ಸಾರು ಬಡಿಸುವವನ ಪಾಡು ಹೇಗಿರುತ್ತದೋ ಹಾಗಿತ್ತು ಬ್ರೌಸರಿನ ಪಾಡು.

ಭಾವ ಚೂರಿ ಪರೀಕ್ಷೆಯನ್ನೂ ನೆನಪಿಸಿದ. ತಿಕ್ಕಿದ ಕಬ್ಬಿಣದ ಚೂರಿಯನ್ನು ಮದ್ದಿನಲ್ಲಿ ಅದ್ದಿ ತೆಗೆದಾಗ ತಾಮ್ರದ ಕೆಂಪು ಹಿಡಿದಿದ್ದರೆ ಸುಣ್ಣ ಸಾಲದು ಎಂದರ್ಥ. "ಮರಕ್ಕೆ ಬಿಡುವ ಮೊದಲು ನೋಡ್ಲಿಕ್ಕುಂಟು, ಭಾವ. ಬಿಟ್ಟ ಮೇಲಲ್ಲ." ಆಪನ್ನು ಕುಟುಂಬಕ್ಕೆಲ್ಲ ಕಳಿಸಿ ಆಗಿತ್ತು. ಸುಮ್ಮನೆ ಹೋಳಿಗೆಯ ತಟ್ಟೆಯನ್ನು ಅವನತ್ತ ದೂಡಿದೆ.

ಇನ್ನು ಕಳೆದುಹೋದ ತ. ಉದ್ದದ ಹೆಸರು ಪಟ್ಟಿಯೊಳಗೆ ಹಿಡಿಸದಿದ್ದರೆ ಕೊನೆಗೆ ಮೂರು ಚುಕ್ಕಿ ಬರಬೇಕು ಎನ್ನುವುದು ಆ ಸಿಸ್ಟಮ್ಮಿನ ಮರ್ಯಾದೆ. ಹಾಗೆ ಬರಬೇಕಾದರೆ ಪೆಟ್ಟಿಗೆಯ ಹೊರಗೆ ಬಂದದ್ದನ್ನು ಮುಚ್ಚು ಎಂದು ಹೇಳಬೇಕು. ಬಲಕ್ಕೆ ಮುಚ್ಚಲು ಹೇಳಿದರೆ ಅದು ಕೆಳಗೂ ಮುಚ್ಚುತ್ತದೆ. ಇಂಗ್ಲಿಷಿಗೆ ಇದರಿಂದ ಹೆಚ್ಚು ನಷ್ಟವಿಲ್ಲ, ಗೆರೆಯ ಕೆಳಗೆ ಇಳಿಯುವುದು ಜಿ, ವೈ, ಪಿ ಮುಂತಾದ ನಾಲ್ಕೈದು ಬಾಲಗಳು ಮಾತ್ರ. ನಮ್ಮ ಭಾಷೆಯಲ್ಲಿ ಅರ್ಧ ಸಂಸಾರವೇ ನೆಲಮಾಳಿಗೆಯಲ್ಲಿ. ಸಿಸ್ಟಮ್ ಮಾಡಿದವರು ಸಾಲಿನ ಎತ್ತರವನ್ನು ಅಕ್ಷರದಷ್ಟೇ ಇಟ್ಟಿದ್ದರು. ಒತ್ತು ಇಳಿಯಿತು, ಕತ್ತರಿಯಾಯಿತು. ಉಪ್ಪಿನಂಗಡಿ ಉಪಿನಂಗಡಿಯಾಯಿತು, ಬೆಳ್ಳಾರೆ ಬೆಳಾರೆಯಾಯಿತು. ಪಂಜ, ಸವಣೂರು ಮಾತ್ರ ಅತ್ತೆಯ ಕಡಬದ ಹಾಗೆ ಎದೆ ಉಬ್ಬಿಸಿ ನಿಂತಿದ್ದವು. ಅದೇ ಸಿಸ್ಟಮ್ಮು ಬಟನ್ನಿನ ಅಕ್ಷರಗಳನ್ನೆಲ್ಲ ದೊಡ್ಡಕ್ಷರ ಮಾಡು ಎಂದೂ ಅಪ್ಪಣೆ ಕೊಟ್ಟಿತ್ತು. ಕನ್ನಡಕ್ಕೆ ದೊಡ್ಡಕ್ಷರ ಎಲ್ಲಿಂದ? ಅಪ್ಪಣೆ ಪಾಪ ಹಾಗೇ ಬಿದ್ದುಕೊಂಡಿತ್ತು.

"ಯಾರೋ ಮಾಡಿದ್ದನ್ನು ನಂಬಿ ತರುವುದೇ ತಪ್ಪು" ಎಂದ ಭಾವ. ಅದು ಪೂರ್ತಿ ಸರಿಯಲ್ಲ, ಪೂರ್ತಿ ತಪ್ಪೂ ಅಲ್ಲ. ಚೀನಾದ ಆ್ಯಂಟ್ ಡಿಸೈನ್ ಎಂಬ ಪ್ರಖ್ಯಾತ ಸಿಸ್ಟಮ್ಮನ್ನು ಬಳಸಿದ ಎಷ್ಟೋ ಜನರ ಆಪುಗಳ ಬಟನ್ನುಗಳ ಮೇಲೆ 2018ರ ಡಿಸೆಂಬರ್ 25ರಂದು ಇದ್ದಕ್ಕಿದ್ದಂತೆ ಹಿಮ ಬಿದ್ದಿತ್ತು. ಮಾಡಿದವರು ಕ್ರಿಸ್‌ಮಸ್ ತಮಾಷೆಗೆಂದು ಮೊದಲೇ ಒಳಗೆ ಅಡಗಿಸಿಟ್ಟದ್ದು. ತಂದು ಕೂರಿಸಿದವರಿಗೆ ಸುದ್ದಿಯೇ ಇಲ್ಲ. ಕಥೆ ಕೇಳಿ ಭಾವ ಖುಷಿಯಾದ. "ನಮ್ಮ ಆಪಿನಲ್ಲಿ ಹಿಮ ಬೀಳ್ಲಿಕ್ಕಿಲ್ಲ ಅಲ್ವಾ? ಅಡಿಕೆ ಅಂಗಳದಲ್ಲಿ ಉಂಟು."

ರಾತ್ರಿ ಕೂತು ಸಾಲಿನ ಎತ್ತರವನ್ನು 1.8ಕ್ಕೆ ಏರಿಸಿದೆ. 'ಎತ್ತರ ಇಷ್ಟೇ' ಎಂದಿದ್ದಲ್ಲಿ 'ಕಡಿಮೆಯೆಂದರೆ ಇಷ್ಟು' ಎಂದು ಬರೆದೆ. ತ ಬಂತು, ಬಾಲವೂ ಬಂತು. ಎರಡೂ ತಾಲೂಕುಗಳಿಗೆ ನ್ಯಾಯ ಸಿಕ್ಕಿತೆಂದು ಗುಂಪಿನಲ್ಲಿ ಘೋಷಿಸಿ ಮಲಗಿದೆ.

ಬೆಳಗ್ಗೆ ಏಳುವಾಗ ಅತ್ತೆಯ ಸಂದೇಶ ಕಾದಿತ್ತು. ಪಾಪ, ಕಡಬ ತಾಲೂಕು ಆರಿಸಿ, ತಮ್ಮ ಊರನ್ನು ಒತ್ತಿದ್ದಾರೆ. ತಾಲೂಕಿನ ಪಟ್ಟಿ ಒಂದು ಕಾಂಪೊನೆಂಟು, ಊರಿನ ಹೆಸರು ಹುಡುಕಿ ಆರಿಸುವುದು ಇನ್ನೊಂದು. ಹೊಲಿಗೆ ಹಾಕಿದ್ದು ಮೊದಲನೆಯದಕ್ಕೆ ಮಾತ್ರ. ತೆರೆಯ ಚಿತ್ರದಲ್ಲಿ ನಾಗದೇವರ ಮಹಾಕ್ಷೇತ್ರ 'ಸುಬಹಣ' ಆಗಿ ಕೂತಿತ್ತು.

ನಾನು ಬಾಯಿ ಬಿಡುವ ಮೊದಲೇ ಭಾವ ಬರೆದ: "ತಾಲೂಕು ಮಾಡುವಾಗ ನಮ್ಮ ಸುಳ್ಯದಿಂದ ಸುಬ್ರಹ್ಮಣ್ಯವನ್ನು ಕೊಂಡುಹೋದಿರಲ್ಲ ಅತ್ತೆ, ಒತ್ತಕ್ಷರ ತಕೊಂಡು ಹೋಗ್ಲಿಕ್ಕೆ ಮರೆತು ಹೋಯ್ತಾ?"

ಹತ್ತು ನಿಮಿಷ ಗುಂಪಿನಲ್ಲಿ ಸದ್ದಿಲ್ಲ. ಆಮೇಲೆ ಅತ್ತೆಯದೊಂದು ಧ್ವನಿ ಸಂದೇಶ ಬಂತು, ಎರಡು ನಿಮಿಷದ್ದು. ಭಾವನಿಗೆ ಅರ್ಧ, ನನಗೆ ಅರ್ಧ. ಒತ್ತಕ್ಷರ ಒಂದೂ ಬಿಟ್ಟುಹೋಗಿರಲಿಲ್ಲ.