ಕಯಾಕ್ ಮೀಮಾಂಸೆ: ಪೂರ್ವಪಕ್ಷ, ಸಿದ್ಧಾಂತ, ಫಲಶ್ರುತಿ ಸಹಿತ

ಪ್ರಸ್ತಾವನೆ

ನಲವತ್ತು ದಾಟಿದವರಿಗೆ ಡಾಕ್ಟರು ‘ಸ್ವಲ್ಪ ಮೈ ಬಗ್ಗಿಸಿ’ ಎಂದಾಗ ಮೂರು ಮಾರ್ಗಗಳು ಗೋಚರಿಸುತ್ತವೆ: ಪಾರ್ಕು, ಜಿಮ್ಮು, ನಾಳೆ. ಮೂರನೆಯ ಪಂಥಕ್ಕೇ ಅನುಯಾಯಿಗಳು ಹೆಚ್ಚು. ಈಚೆಗೆ ಕಯಾಕಿಂಗ್ ಎಂಬ ನಾಲ್ಕನೆಯ ಮಾರ್ಗವೊಂದು ಪ್ರಚಾರಕ್ಕೆ ಬಂದಿರುವುದರಿಂದ ಅದರ ಶಾಸ್ತ್ರೀಯ ವಿವೇಚನೆ ಅನಿವಾರ್ಯವಾಗಿದೆ.

ಲಕ್ಷಣ

ಕಾಲು ಚಾಚಿ, ಹೋಗುವ ದಿಕ್ಕಿಗೇ ಮುಖ ಮಾಡಿ ಕೂತು, ಎರಡೂ ತುದಿಗೆ ಅಲಗಿರುವ ಹುಟ್ಟು ಹಾಕಿ ನಡೆಸುವ ಕಿರುದೋಣಿಯೇ ಕಯಾಕ್. ಒಂದೇ ತುದಿಗೆ ಅಲಗಿದ್ದರೆ ಅದು ಕನೂ. ಆದ್ದರಿಂದ ಅತಿವ್ಯಾಪ್ತಿ ದೋಷವಿಲ್ಲ. ಹೋಗುವ ದಿಕ್ಕಿಗೆ ಬೆನ್ನು ತಿರುಗಿಸಿ ಕೂತರೆ ರೋಯಿಂಗ್. ಭವಿಷ್ಯವನ್ನು ನೋಡಲು ಧೈರ್ಯ ಸಾಲದವರಿಗೆ ಅದು ವಿಹಿತ.

ಇತಿಹಾಸ

ಆರ್ಕ್‌ಟಿಕ್ ತೀರದ ಇನ್ಯೂಟ್ ಜನ ಸಮುದ್ರದಲ್ಲಿ ತೇಲಿಬಂದ ಮರದಿಂದಲೂ ತಿಮಿಂಗಿಲದ ಎಲುಬಿನಿಂದಲೂ ಚೌಕಟ್ಟು ಕಟ್ಟಿ, ಅದಕ್ಕೆ ಸೀಲ್ ಚರ್ಮ ಹೊದಿಸಿ ಕಯಾಕ್ ಮಾಡಿದರು. ಗ್ರೀನ್‌ಲ್ಯಾಂಡಿನಲ್ಲಿ ಚಾಚಿದ ಎರಡು ತೋಳುಗಳ ಮೂರು ಪಟ್ಟು ಉದ್ದ ಎಂಬುದೊಂದು ಅಳತೆ. ದೋಣಿಯೇ ಮನುಷ್ಯನ ಮೈಗೆ ಹೊಂದುತ್ತಿತ್ತು. ಸೀಲ್ ಬೇಟೆಗೆ ಹೊರಟವನು ತೂಕ ಇಳಿಸಲು ಹೊರಟನೆಂಬುದಕ್ಕೆ ಆಧಾರವಿಲ್ಲ. ತೂಕ ಏರಿಸುವ ಪದಾರ್ಥ ತರಲು ಹೊರಟನೆಂಬುದಕ್ಕೆ ಧಾರಾಳವಾಗಿದೆ. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಕಯಾಕಿಂಗ್ ಪದಕದ ಕ್ರೀಡೆಯಾಯಿತು. ಹೀಗೆ ಮೊದಲು ಹೊಟ್ಟೆಗಾಗಿ, ಆಮೇಲೆ ಪದಕಕ್ಕಾಗಿ, ಈಗ ಹೊಟ್ಟೆಯ ವಿರುದ್ಧ: ಹುಟ್ಟಿನ ಚರಿತ್ರೆಯನ್ನು ಮೂರು ಯುಗಗಳಾಗಿ ವಿಂಗಡಿಸಬಹುದು.

ಪೂರ್ವಪಕ್ಷ

ಕೂತು ಮಾಡುವುದೂ ವ್ಯಾಯಾಮವಾದರೆ ಕಚೇರಿಯ ಗುಮಾಸ್ತರೆಲ್ಲ ಪೈಲ್ವಾನರಾಗಬೇಕಿತ್ತಲ್ಲ ಎಂಬುದು ಮೊದಲ ಆಕ್ಷೇಪ.

ಸಮಾಧಾನ: ತೋಳಿನಿಂದ ಮಾತ್ರ ಎಳೆಯುವುದು ಅಜ್ಞಾನಿಯ ಲಕ್ಷಣ. ಜ್ಞಾನಿಯಾದವನು ಪಾದವನ್ನು ದೋಣಿಗೆ ಒತ್ತಿ, ಸೊಂಟದ ಮೇಲಿನ ಮೈಯನ್ನೇ ತಿರುಗಿಸಿ, ಬೆನ್ನಿನ ಬಲದಿಂದ ನೀರು ಹಿಂದೂಡುತ್ತಾನೆ. ಎಪ್ಪತ್ತು ಕಿಲೋ ತೂಗುವವರು ಒಂದು ಗಂಟೆ ಹದವಾಗಿ ಹುಟ್ಟು ಹಾಕಿದರೆ ಸುಮಾರು 350 ಕಿಲೊಕ್ಯಾಲೊರಿ ಕರಗುತ್ತದೆ. ಗುಮಾಸ್ತರ ಕಡತ ಅಷ್ಟು ಬೇಗ ಕರಗಿದ ದಾಖಲೆಯಿಲ್ಲ.

ಪಾರ್ಕಿನ ನಡಿಗೆಯೇ ಸಾಲದೇ ಎಂಬುದು ಎರಡನೆಯ ಆಕ್ಷೇಪ.

ಸಿದ್ಧಾಂತ

ಸಾಲದು. ಪಾರ್ಕಿಗೆ ಗೇಟಿದೆ, ಗೇಟಿನೆದುರು ದರ್ಶಿನಿಯಿದೆ. ಜಿಮ್ಮಿನಲ್ಲಿ ಕನ್ನಡಿಯಿದೆ, ಕನ್ನಡಿಯೆದುರು ಮೊಬೈಲಿದೆ. ಕಯಾಕಿನಲ್ಲಾದರೋ ಎರಡೂ ಕೈ ಹುಟ್ಟಿಗೆ ಮೀಸಲು. ಮೊಬೈಲು ಪ್ಲಾಸ್ಟಿಕ್ ಚೀಲದೊಳಗೆ ಮೌನವ್ರತದಲ್ಲಿರುತ್ತದೆ. ಬೇರೆ ವ್ಯಾಯಾಮಗಳನ್ನು ಅರ್ಧಕ್ಕೆ ಬಿಟ್ಟವರು ಮನೆ ಸೇರುತ್ತಾರೆ. ಇದನ್ನು ಬಿಟ್ಟವರು ಇದ್ದಲ್ಲೇ ಇರುತ್ತಾರೆ. ಲೋಕದಲ್ಲಿ ನಿಂದೆಗೆ ಗುರಿಯಾದ ‘ನಡುನೀರಿನಲ್ಲಿ ಕೈಬಿಡುವಿಕೆ’ಯೇ ಇಲ್ಲಿ ಆರೋಗ್ಯದ ಮೂಲಾಧಾರ.

ಕ್ಷೇತ್ರಾಧ್ಯಯನ

ಉಡುಪಿ ಜಿಲ್ಲೆಯ ಸಾಲಿಗ್ರಾಮದ ಬಳಿಯ ಪಾರಂಪಳ್ಳಿಯಲ್ಲಿ ಸೀತಾನದಿಯ ಹಿನ್ನೀರಿನ ಇಕ್ಕೆಲಗಳಲ್ಲೂ ಕಾಂಡ್ಲಾ ಗಿಡಗಳು ಬೇರನ್ನು ನೀರಿಗೆ ಊರಿಕೊಂಡು ನಿಂತಿವೆ. ಉಬ್ಬರ ಇಳಿತಗಳು ಸುಮಾರು ಆರು ಗಂಟೆಗೊಮ್ಮೆ ಪಾಳಿ ಬದಲಿಸುತ್ತವೆ. ಇಳಿತದ ಜತೆ ಕೆಳಕ್ಕೆ ಹೊರಟವನು ನಾಲ್ಕು ಹುಟ್ಟು ಹಾಕುವಷ್ಟರಲ್ಲಿ ತಾನು ಒಲಿಂಪಿಕ್ಸಿಗೆ ಅರ್ಹನೆಂದು ತೀರ್ಮಾನಿಸುತ್ತಾನೆ. ತಿರುಗಿ ಬರುವಾಗ ಅದೇ ಕಾಂಡ್ಲಾ ಗಿಡ ಎಷ್ಟು ಹುಟ್ಟು ಹಾಕಿದರೂ ಪಕ್ಕದಲ್ಲೇ ಇರುತ್ತದೆ. ಹೋಗುವಾಗ ಪ್ರವಾಸ, ಬರುವಾಗ ವ್ಯಾಯಾಮ ಎಂಬ ಸೂತ್ರ ಇಲ್ಲಿಂದ ಸಿದ್ಧಿಸುತ್ತದೆ.

ಜೋಡಿ ಕಯಾಕ್ ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯ. ಮುಂದೆ ಕೂತವರ ಲಯಕ್ಕೆ ಹಿಂದಿನವರು ಹುಟ್ಟು ಹಾಕಬೇಕೆಂಬುದು ನಿಯಮ. ಅಲ್ಲಿ ಕಂಡ ದಂಪತಿಯಲ್ಲಿ ಯಜಮಾನರು ಹಿಂದೆ ಕೂತು ಆಜ್ಞೆ ಹೊರಡಿಸಿದರು. ಬಲಗಡೆ ಹುಟ್ಟು ಹಾಕಿದರೆ ದೋಣಿ ಎಡಕ್ಕೆ ಹೊರಳುತ್ತದೆಂಬ ಸಂಗತಿ ಆಜ್ಞೆಯಲ್ಲಿ ಸೇರಿರಲಿಲ್ಲ. ಹುಟ್ಟಿಗೆ ಹುಟ್ಟು ತಾಗಿ ಟಕ್ಕೆಂದಿತು. ದೋಣಿ ಕಾಂಡ್ಲಾ ಬೇರಿನ ಸಂದಿಗೆ ಮೂತಿ ತೂರಿಸಿತು.

“ರೀ, ನೀವು ಹಿಂದೆ ಕೂತು ಮಾಡ್ತಿರೋದಾದ್ರೂ ಏನು?”

ಮಾರ್ಗದರ್ಶಕ ಹುಡುಗ ದೂರದಿಂದಲೇ ಭಾಷ್ಯ ಹೇಳಿದ: “ಮುಂದ್ ಕೂತವ್ರ್ ಹಾಕ್ದಂಗೇ ಹಾಕಿ ಮಾರಾಯ್ರೆ, ಇಳ್ತ ಶುರು ಆಯ್ತ್!”

ಇದೇ ಹೊತ್ತಿಗೆ ಬಲೆ ಹಾಕಲು ಹೊರಟ ಒಬ್ಬರು ತಮ್ಮ ಹಳೆಯ ದೋಣಿಯಲ್ಲಿ ನಿಂತೇ, ಗಳ ಊರಿ, ಇವರನ್ನು ದಾಟಿ ಹೋದರು. ಅದೇ ಹೊಳೆ, ಅದೇ ಇಳಿತ, ಅದೇ ಬೆನ್ನು. ಆದರೂ ಅವರದು ದುಡಿಮೆ, ಇವರದು ವ್ಯಾಯಾಮ. ಭೇದಕ್ಕೆ ಕಾರಣವನ್ನು ಶಾಸ್ತ್ರ ಖಚಿತವಾಗಿ ಹೇಳುತ್ತದೆ: ಹುಟ್ಟು ಹಾಕಿದ್ದಕ್ಕೆ ದುಡ್ಡು ಸಿಕ್ಕರೆ ದುಡಿಮೆ, ದುಡ್ಡು ಕೊಟ್ಟರೆ ವ್ಯಾಯಾಮ.

ಫಲಶ್ರುತಿ

ಈ ಮೀಮಾಂಸೆಯನ್ನು ದಡದಲ್ಲಿ ಕೂತು ಓದಿದವರಿಗೆ ಗೋಳಿಬಜೆ ಪ್ರಾಪ್ತಿ. ಇಳಿತದ ಎದುರು ಹುಟ್ಟು ಹಾಕಿದವರಿಗೆ ಮೊದಲು ಹಸಿವು, ಬಳಿಕ ದುಪ್ಪಟ್ಟು ಗೋಳಿಬಜೆ ಪ್ರಾಪ್ತಿ. ಲೈಫ್ ಜಾಕೆಟ್ಟಿನ ಬಕಲ್ ಹಾಕದೆ ಹೊರಟವರಿಗೆ ಮಾರ್ಗದರ್ಶಕ ಹುಡುಗನಿಂದ ಬೈಗುಳ ಪ್ರಾಪ್ತಿ. ಇದಕ್ಕೆ ಯಾವ ಪೂರ್ವಪಕ್ಷವೂ ಇಲ್ಲ.